ಹೇಳಿದ ಬೆಲೆ

ಅಯಸ್ಕಾಂತ ಕಾರಿನ ಹಿಂದಿನ ಎಡಬಾಗಿಲಿಗೆ ಅಂಟಲಿಲ್ಲ. ಉಳಿದ ಮೂರು ಬಾಗಿಲಿಗೂ ಟಪ್ಪೆಂದು ಕಚ್ಚಿಕೊಂಡದ್ದು ಇಲ್ಲಿ ಒದ್ದೆ ಸೋಪಿನಂತೆ ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ಮುಕ್ಕಾಲು ಎಂದು ಕರೆಯುವ ಆ ಗಿರಾಕಿ ಇನ್ನೊಮ್ಮೆ ಒತ್ತಿ ನೋಡಿದ. ಮತ್ತೆ ಬಿತ್ತು. ಅವನ ಮುಖ ಅರಳಿತು.

"ಟೈಲರಮ್ಮ, ಈ ಬಾಗಿಲಲ್ಲಿ ತಗಡೇ ಇಲ್ಲ. ಎಲ್ಲೋ ಗುದ್ದಿಸಿ, ಏನೋ ಮೆತ್ತಿ ಬಣ್ಣ ಹೊಡೆಸಿದ್ದೀರಿ. ಹೇಳಿದ ಬೆಲೆಗೆ ಇದನ್ನ ಯಾರು ತಗೋತಾರೆ?"

"ಗುದ್ದಿಸಿಲ್ಲ." ಹೊಲಿಗೆ ಅಂಗಡಿಯ ಹಿಂದಿನ ಆ ಶೆಡ್ಡಿನ ಹೊಸ್ತಿಲಲ್ಲೇ ಅವಳು ನಿಂತಿದ್ದಳು. ಕೊರಳಿಗೆ ಹಾಕಿಕೊಂಡಿದ್ದ ಅಳತೆಯ ಟೇಪಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. "ಮೊದಲೇ ಹೇಳಿದೆನಲ್ಲ. ತಗೊಳ್ಳೋದಾದರೆ ಹೇಳಿದ ಬೆಲೆಗೆ ತಗೊಳ್ಳಿ. ಇದರ ಮೊದಲಿನ ಯಜಮಾನ ಸತ್ತಾಗ ಕೊಳ್ಳೋಕೆ ಬಂದವರು ಅವನ ಹೆಂಡತಿಯನ್ನ ಹಿಂಡಿ ಹಿಪ್ಪೆ ಮಾಡಿ, ಸಿಕ್ಕಷ್ಟಕ್ಕೆ ಕಾರು ಹೊಡ್ಕೊಂಡ್ರು. ಆಕೆ ಮಾಟ ಮಾಡಿಸಿದಳು. ಹಿಂದಿನ ಸೀಟಿನಡಿ ಗಂಟಿದೆ. ಎಷ್ಟು ಪಾಲು ಇಳಿಸ್ತೀರೋ, ಅಷ್ಟು ಪಾಲು ನಿಮ್ಮ ಮನೇಲಿ ಇಳಿಯುತ್ತೆ."

ಮುಕ್ಕಾಲು ನಕ್ಕ. ಆಸ್ಪತ್ರೆಯೊಂದಕ್ಕೆ ಹತ್ತಿ, ಸಿರಿಂಜು, ಹಾಸಿಗೆ ಬಟ್ಟೆ ಕೊಳ್ಳುವ ಗುಮಾಸ್ತ ಅವನು. ಯಾರು ಎಷ್ಟೇ ಹೇಳಲಿ, ಮುಕ್ಕಾಲು ಪಾಲಿಗೆ ತಂದು ನಿಲ್ಲಿಸುತ್ತಿದ್ದ. ಆ ಹೆಸರು ಅಲ್ಲಿಂದಲೇ ಅಂಟಿದ್ದು. ಮಾರುವವರ ಕಣ್ಣೀರು, ಆಣೆ ಪ್ರಮಾಣ, ಹಾಸಿಗೆ ಹಿಡಿದ ಅಪ್ಪ, ಎಲ್ಲವನ್ನೂ ಕೇಳಿದ್ದ. ಮಾಟ ಇದೇ ಮೊದಲು.

"ಚೆನ್ನಾಗಿದೆ. ನಮ್ಮ ಹತ್ತಿ ವ್ಯಾಪಾರಿಗೂ ಇದನ್ನ ಸ್ವಲ್ಪ ಹೇಳಿಕೊಡಿ."

ಅಸಲಿಗೆ ಸ್ಕೂಟರ್ ಮಾರಿ, ಉಳಿತಾಯವನ್ನೆಲ್ಲ ಕೆರೆದು ತಂದರೂ ಅವನ ಜೇಬಿನಲ್ಲಿದ್ದದ್ದು ಮುಕ್ಕಾಲೇ. ಮೀಸೆ ಮೂಡುವ ಮೊದಲಿನಿಂದ ಕನಸಿನಲ್ಲಿ ಓಡಿಸಿದ್ದ ಕಾರು ಇದು: ಉದ್ದ ಮೂತಿ, ಅಗಲ ಟೈರು, ಎದೆಗೂಡಿನಲ್ಲಿ ಗುಡುಗುವ ಎಂಜಿನ್. ನಾಲ್ಕು ಬಾಗಿಲಿವೆ, ನಾವು ನಾಲ್ಕು ಜನ, ಎಂದೇ ಹೆಂಡತಿಯನ್ನು ಒಪ್ಪಿಸಿದ್ದ.

"ನಾನು ಅರ್ಧಕ್ಕೆ ಇಳಿಸಿದ್ದೆ," ಅಂದಳು ಟೈಲರಮ್ಮ, ಬಹಳ ಮೆಲ್ಲಗೆ.

ಅವಳ ಹೊಲಿಗೆಯಂತ್ರದ ಪಕ್ಕ ಎರಡು ಕುರ್ಚಿಗಳಿದ್ದವು. ಮೇಜಿನ ಮೇಲೆ ಎರಡು ಲೋಟ ಚಹಾ. ಒಂದರ ಮೇಲೆ ಕೆನೆಗಟ್ಟಿತ್ತು. ತನಗೇ ಇಟ್ಟಿದ್ದೆಂದು ಮುಕ್ಕಾಲು ಕೈ ಚಾಚಿದ.

"ಅದು ನಿಮಗಲ್ಲ."

ಅವನು ಹಣ ಮುಂದಿಟ್ಟ. ಅವಳು ಎಣಿಸಲಿಲ್ಲ. ಬೀಗದಕೈ ಕೊಡುವಾಗ ಅವಳ ತುಟಿ ಒಂದು ಕ್ಷಣ ಅದುರಿತು. ಅಳುವೋ ನಗುವೋ, ಗೆದ್ದ ಖುಷಿಯಲ್ಲಿ ಅವನು ಗಮನಿಸಲಿಲ್ಲ.

ಮನೆಯ ಕೆಳಗೆ ಕಾರು ನಿಂತಾಗ ಹೆಂಡತಿ ಒಂದು ಸುತ್ತು ಬಂದಳು. "ನನ್ನ ಮುಖ ಯಾವತ್ತಾದ್ರೂ ಇಷ್ಟು ಹೊತ್ತು ನೋಡಿದ್ದುಂಟಾ ನೀವು?"

"ಹಳೇ ಸಾಮಾನು ಅಂದರೆ ಅವನಿಗೆ ಜೀವ," ಅಂದಳು ಅವನ ಅಮ್ಮ. "ನನ್ನೊಬ್ಬಳನ್ನ ಬಿಟ್ಟು."

ಮಗಳು ಆಗಲೇ ಹಿಂದಿನ ಎಡಬಾಗಿಲಿನಿಂದ ನುಗ್ಗಿ ಕೂತಿದ್ದಳು. ಆರು ವರ್ಷದ ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಗುಬ್ಬಿ ಎಂದು. ತಲೆಯಲ್ಲಿ ಕೆಂಪು ಕ್ಲಿಪ್ಪು, ಬಾಯಲ್ಲಿ ಬಿಡುವಿಲ್ಲದ ಮಾತು. ಹಿಂದಿನ ಗಾಜು ಇಳಿಸುವ ಗುಂಡಿ ಚಾಲಕನ ಬಳಿ ಮಾತ್ರ ಇತ್ತು. ಹಾಗಾಗಿ ಅಪ್ಪ ಮಗಳಲ್ಲಿ ಒಪ್ಪಂದವಾಯಿತು: ಎರಡು ಸಲ ತಟ್ಟಿದರೆ ಗಾಜು ಇಳಿಸಬೇಕು. ಟಕ್ ಟಕ್. ಇಳಿಸಿದ. ಟಕ್ ಟಕ್. ಏರಿಸಿದ. ಅವಳು ಕಿಲಕಿಲ ನಕ್ಕಳು.

ನಾಲ್ವರೂ ಸುತ್ತಾಡಲು ಹೊರಟರು. ಊರಾಚೆ ರಸ್ತೆ ಗುಡ್ಡದ ಹೊಟ್ಟೆಯೊಳಗೆ ನುಗ್ಗುತ್ತಿತ್ತು. ಸುರಂಗದ ಬಾಯಿ ಕಂಡದ್ದೇ ಮುಕ್ಕಾಲು ಗೇರು ಇಳಿಸಿ ಎಂಜಿನ್ ಗರ್ಜಿಸುವಂತೆ ಮಾಡಿದ. ಒಳಗೆ ಆ ಸದ್ದು ಕೇಳಬೇಕೆಂದೇ ಅಷ್ಟು ದೂರ ಬಂದಿದ್ದ. ಬಿಸಿಲು ಪಟ್ಟನೆ ಹೋಯಿತು. ಗೋಡೆಯ ದೀಪಗಳು ಹಳದಿ ಗೆರೆಗಳಾಗಿ ಹರಿದವು. ಆಮೇಲೆ ದೀಪಗಳೂ ಇಲ್ಲ. ಗರ್ಜನೆ ಇಲ್ಲ. ಯಾರೋ ಕಿವಿಗೆ ಹತ್ತಿ ತುರುಕಿದ ಹಾಗೆ. ಸುಟ್ಟ ಕೂದಲ ವಾಸನೆ. ಅದರ ಹಿಂದೆ ಹಸಿ ಸುಣ್ಣದ್ದು. ಹಿಂದಿನಿಂದ, ಟಕ್ ಟಕ್. ಅವನು ಗುಂಡಿ ಒತ್ತಿದ. ಗಾಜು ಇಳಿಯಲಿಲ್ಲ. ಟಕ್ ಟಕ್. ಒತ್ತಿದ. ಟಕ್ ಟಕ್ ಟಕ್ ಟಕ್. ಕತ್ತಲು. ಒತ್ತಿದ. ಒತ್ತಿದ.

ಬೆಳಕು.

ಹಿಂದಿನ ಸೀಟಿನಲ್ಲಿ ಅಮ್ಮ ಒಬ್ಬಳೇ ಇದ್ದಳು. ಪಕ್ಕದಲ್ಲಿ, ಎಡಬದಿಯಲ್ಲಿ, ಅವಳ ಕೈಚೀಲ ಆರಾಮಾಗಿ ಕಾಲು ಚಾಚಿದ ಹಾಗೆ ಬಿದ್ದುಕೊಂಡಿತ್ತು.

ಕಾರು ಕಿರುಚಿ ನಿಂತಿತು. "ಗುಬ್ಬಿ ಎಲ್ಲಿ?"

"ಯಾವ ಗುಬ್ಬಿ?" ಹೆಂಡತಿ ಗಾಬರಿಯಿಂದ ಮುಂದಿನ ಗಾಜು ನೋಡಿದಳು. "ಬಡೀತಾ? ಪಾಪ."

ಮನೆಗೆ ಬಂದು ಅವನು ಕೋಣೆ ಕೋಣೆ ಹುಡುಕಿದ. ಗುಬ್ಬಿಯ ಮಂಚವಿದ್ದ ಜಾಗದಲ್ಲಿ ಇಸ್ತ್ರಿ ಮೇಜು. ಅವಳ ಎತ್ತರಕ್ಕೆ ಪೆನ್ಸಿಲ್ ಗೀಟು ಎಳೆಯುತ್ತಿದ್ದ ಗೋಡೆ ನುಣ್ಣಗಿತ್ತು. ಅಂಗೈಯಿಂದ ತಡವಿದರೂ ಒಂದು ಗೆರೆಯಿಲ್ಲ. ಹಲ್ಲುಜ್ಜುವ ಬ್ರಷ್ಷು ಮೂರು. ಹೆಂಡತಿ ಊಟಕ್ಕೆ ಮೂರು ತಟ್ಟೆ ಹಾಕಿದಳು. ಅವನು ಎದ್ದು ಹೋಗಿ ನಾಲ್ಕನೆಯದನ್ನು ತಂದಿಟ್ಟ.

"ಯಾರಾದ್ರೂ ಬರ್ತಿದ್ದಾರೇನ್ರೀ?"

ಅವನು ಅವಳ ಕಣ್ಣೊಳಗೆ ಇಣುಕಿದ. ಅಲ್ಲಿ ಏನೂ ಬಚ್ಚಿಟ್ಟಿರಲಿಲ್ಲ. ಅವಳು ಅವನ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯೇ ಎಂದು.

ನೆಲಮಾಳಿಗೆಗೆ ಇಳಿದು ಕಾರಿನ ಹಿಂದಿನ ಸೀಟನ್ನು ಕಿತ್ತ. ಅಡಿಯಲ್ಲಿ ಮುಷ್ಟಿಗಾತ್ರದ ಕರಿಬಟ್ಟೆಯ ಗಂಟು. ಮುಟ್ಟಿದರೆ ಬೆಚ್ಚಗಿತ್ತು, ಆಗಷ್ಟೇ ಯಾರದೋ ಬಾಯಿಂದ ತೆಗೆದ ಹಾಗೆ ಒದ್ದೆ. ಬಿಚ್ಚಲು ಹೋದರೆ ಎಳೆಗಳು ಉಗುರ ಸಂದಿಗೆ ನುಗ್ಗಿ ಸುತ್ತಿಕೊಂಡವು. ಗಂಟಿನ ಬಾಯಿಂದ ಕೆಂಪು ಕ್ಲಿಪ್ಪಿನ ತುದಿ ಇಣುಕುತ್ತಿತ್ತು. ಎಳೆದ. ಬರಲಿಲ್ಲ. ಆಗ, ಅಯಸ್ಕಾಂತ ಅಂಟದ ಆ ಬಾಗಿಲ ಒಳಗಿನಿಂದ, ತಗಡಿಲ್ಲದ ಬಣ್ಣದ ಹಿಂದಿನಿಂದ,

ಟಕ್ ಟಕ್.

ಟೈಲರಮ್ಮನ ಅಂಗಡಿಗೆ ಅವನು ತಾನು ಇಳಿಸಿದ್ದ ಕಾಲು ಪಾಲು ಹಣದೊಂದಿಗೆ ಓಡಿದ. ಯಾರ ಯಾರ ಕಾಲು ಹಿಡಿದು ತಂದಿದ್ದನೋ. ಎರಡನೆಯ ಕುರ್ಚಿಯಲ್ಲಿ ಬಿಳಿಗಡ್ಡದ ಒಬ್ಬಾತ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ. ಮುಂದಿದ್ದ ಚಹಾದ ಲೋಟ ಅರ್ಧ ಖಾಲಿಯಾಗಿತ್ತು.

"ನಮ್ಮ ಯಜಮಾನರು," ಅಂದಳು ಟೈಲರಮ್ಮ. ಅವಳ ಒಂದು ಕೈ ಆತನ ಭುಜದ ಮೇಲೇ ಇತ್ತು; ಮಾತು ಮುಗಿಯುವವರೆಗೂ ತೆಗೆಯಲಿಲ್ಲ. "ನೀವು ಕಾರು ಒಯ್ದ ದಿನ ಎದ್ದು ಬಂದರು. ಎಲ್ಲಿದ್ದೆ ಅಂತ ಅವರಿಗೂ ಗೊತ್ತಿಲ್ಲ. ಇಳಿಸಿದವರಿಗೆ ಮಾತ್ರ ನೆನಪಿರುತ್ತೆ ತಮ್ಮಾ. ಅದೇ ಅದರ ಕಾಟ."

"ಬಾಕಿ ತಗೊಳ್ಳಿ. ಪೂರ್ತಿ ಇದೆ."

"ಮುಗಿದ ವ್ಯಾಪಾರಕ್ಕೆ ಬಾಕಿ ಎಲ್ಲಿಂದ ಬರುತ್ತೆ? ನೀವೂ ಮಾರಿ. ನಾನು ಹೇಳಿದ ಹಾಗೇ ಎಲ್ಲಾ ಹೇಳಿಯೇ ಮಾರಬೇಕು, ಇಲ್ಲದಿದ್ದರೆ ಗಂಟು ಅಲುಗಲ್ಲ. ಮೊದಲು ಬಂದು ಬೆಲೆ ಕೇಳಿದವರು ಇಳಿಸಿ ತಗೊಂಡರೆ ನಿಮ್ಮದು ನಿಮಗೆ ವಾಪಸ್. ಹೇಳಿದ ಬೆಲೆಗೇ ತಗೊಂಡರೆ..." ಅವಳು ಟೇಪಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ತೋರಿಸಿದಳು. ಬೆರಳು ಬಿಳುಚಿತು. "ಗಂಟು ಅಲ್ಲಿಗೇ ಕಗ್ಗಂಟು. ಒಳಗಿದ್ದವರು ಒಳಗೇ."

"ನಾನು ಇಳಿಸ್ತೀನಿ ಅಂತ ನಿಮಗೆ ಗೊತ್ತಿತ್ತು."

"ಬೇಡ ಅಂದಿದ್ದೆ," ಅಂದಳು ಅವಳು. "ಬೇಡ ಅಂದರೆ ಯಾರು ಕೇಳ್ತಾರೆ?"

ಇಷ್ಟು ವರ್ಷದ ಕಸುಬು ಈಗ ಅವನ ಕೈಹಿಡಿಯಬೇಕಿತ್ತು. ಬೆಲೆಯನ್ನು ಅವನು ಔಷಧಿ ತೂಗುವ ಹಾಗೆ ತೂಗಿದ. ಕೇಳಿದವರು ಓಡಿಹೋಗಬಾರದು, ಸುಮ್ಮನೆ ಒಪ್ಪಲೂಬಾರದು. ಬಣ್ಣದ ಮೇಲಿನ ಗೀಚುಗಳನ್ನು ಒರೆಸಲಿಲ್ಲ. ಸವೆದ ಟೈರನ್ನು ಕಣ್ಣಿಗೆ ಬೀಳುವಂತೆ ತಿರುಗಿಸಿ ನಿಲ್ಲಿಸಿದ. ಬರುವವರ ಮನೆಯಲ್ಲಿ ಎಷ್ಟು ಜನ ಎಂದು ಮಾತ್ರ ಕೇಳಕೂಡದೆಂದು ಮನಸ್ಸು ಕಲ್ಲು ಮಾಡಿಕೊಂಡ.

ಬಂದವಳು ಆಂಬುಲೆನ್ಸ್ ಓಡಿಸುವ ಹೆಂಗಸು. ಬೂಟಿನ ತುದಿಯಿಂದ ಟೈರು ಒದ್ದಳು. ಎಂಜಿನ್ನಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದಳು. "ಬೆಲೆ ಸ್ವಲ್ಪ ಜಾಸ್ತಿಯಾಯ್ತು," ಅಂದಳು.

ಮುಕ್ಕಾಲು ಒಂದು ಹೆಜ್ಜೆ ಮುಂದೆ ಬಂದ. ಎಡಬಾಗಿಲಲ್ಲಿ, ಟಕ್ ಟಕ್. ಅದು ಅವನೊಬ್ಬನಿಗೇ ಕೇಳಿಸುತ್ತಿತ್ತು.

ಅವನು ಹೇಳಬೇಕಾದದ್ದನ್ನು ಹೇಳಿದ. ವಿಧವೆ, ಮಾಟ, ಗಂಟು, ಪಾಲು. ಕೇಳಿದವರಿಗೆ ನಗು ಬರಬೇಕು, ಹಾಗೆ ಹೇಳಿದ. ಕೊನೆಗೆ ತಾನೇ ನಕ್ಕ.

ಅವಳು ನಗಲಿಲ್ಲ. ಎಣ್ಣೆಯ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ," ಅಂದಳು. "ಆದರೆ ಮನೇಲಿ ನಾನು, ನನ್ನ ಮಗ ಇಬ್ಬರೇ. ಹತ್ತರಲ್ಲೊಂದು ಪಾಲು ಅಂದರೂ ಅವನಲ್ಲಿ ಏನು ಕಡಿಮೆಯಾಗುತ್ತೋ. ನೀವು ಹೇಳಿದ ಬೆಲೆಗೇ ಆಗಲಿ." ಅಂಗಿಯೊಳಗಿಂದ ಹಣದ ಕಟ್ಟು ತೆಗೆದಳು.

ಬಾಗಿಲಲ್ಲಿ ಒಂದೇ ಒಂದು ಸಲ, ಟಕ್. ಎರಡನೆಯದು ಬರಲಿಲ್ಲ.

"ಇಲ್ಲ, ಇಲ್ಲಿ ನೋಡಿ." ಅವನು ಜೇಬಿನಿಂದ ಅಯಸ್ಕಾಂತ ತೆಗೆದು ಎಡಬಾಗಿಲಿಗೆ ಒತ್ತಿದ. ಬಿತ್ತು. ಎತ್ತಿ ಒತ್ತಿದ. ಬಿತ್ತು. "ಇದರಲ್ಲಿ ತಗಡೇ ಇಲ್ಲ. ಟೈರು ನೋಡಿ, ಬೋಳು. ಇಷ್ಟು ಬೆಲೆ ಬಾಳಲ್ಲ ಇದು. ಕಾಲು ಭಾಗ ಇಳಿಸಿ ಕೊಡಿ. ಹೋಗಲಿ, ನಿಮಗೆ ತೋಚಿದಷ್ಟು ಇಳಿಸಿ. ಒಂದು ಕಾಸು, ಒಂದೇ ಒಂದು ಕಾಸು ಕಡಿಮೆ ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಅವನ ಅಂಗೈ ಬಿಡಿಸಿ, ಇಡೀ ಕಟ್ಟನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಬೇಡ," ಅಂದಳು.