ತಲೆಕೆಳಗಾದ ಕಂಬ

"ಮೇಸ್ತ್ರಿಗಳೇ, ಸ್ವಲ್ಪ ಇಲ್ಲಿ ಬನ್ನಿ," ಎಂದ ಕಿರಿಯ ಬಡಗಿ ತಾತ್ಸುಯ. ಅವನ ದನಿ ಯಾಕೋ ಸಣ್ಣಗಾಗಿತ್ತು. "ಈ ಕಂಬ ತಲೆಕೆಳಗಾಗಿ ನಿಂತಿದೆ."

ಮೇಸ್ತ್ರಿಯಾದ ತನ್ನ ಅಜ್ಜನ ಕೈ ಹಿಡಿದು ನಿಂತಿದ್ದ ಕಯೊ ಥಟ್ಟನೆ ಕಂಬದ ಕಡೆ ತಿರುಗಿದಳು.

ಹೊಸಮನೆಯ ನೆತ್ತಿಯ ತೊಲೆ ಈಗಷ್ಟೇ ಮೇಲೇರಿತ್ತು. ಇನ್ನೇನು ಮನೆಗೆ ಶುಭವಾಗಲೆಂದು ಮೇಲಿನಿಂದ ಕೆಂಪು, ಬಿಳಿ ಅಕ್ಕಿಯುಂಡೆಗಳನ್ನು ಎಸೆಯಬೇಕು. ಬೀದಿಯ ಮಕ್ಕಳೆಲ್ಲ ಪ್ಲಾಸ್ಟಿಕ್ ಚೀಲ ಬಿಚ್ಚಿಕೊಂಡು ಕತ್ತೆತ್ತಿ ಕಾಯುತ್ತಿದ್ದರು. ಅಷ್ಟರಲ್ಲಿ ಹಗ್ಗ ಉಜ್ಜಿ, ನಡುಮನೆಯ ಕಂಬಕ್ಕೆ ಸುತ್ತಿದ್ದ ಕಾಗದ ಹರಿದುಹೋಯಿತು. ಕೊಳೆಯಾಗದಿರಲಿ ಎಂದು ಸುತ್ತಿದ್ದ ಕಾಗದ ಅದು.

ಒಳಗೆ ಮರದ ಗೆರೆಗಳು ಕಾಣಿಸಿದವು. ಬೆಟ್ಟದ ಮೇಲೆ ಬೆಟ್ಟ ಬರೆದಂತಹ ಗೆರೆಗಳು. ಬೆಟ್ಟದ ತುದಿ ಯಾವ ಕಡೆಗೋ ಮರದ ತುದಿಯೂ ಆ ಕಡೆಗೇ. ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಮರ ಹಾಗೇ ನಿಲ್ಲಬೇಕು, ಬೇರಿನ ಕಡೆ ಕೆಳಗೆ. ಕಯೊಗೆ ಇದು ನಾಲ್ಕು ವರ್ಷಕ್ಕೇ ಗೊತ್ತಿತ್ತು. ಈ ಕಂಬದಲ್ಲಿ ಬೆಟ್ಟಗಳೆಲ್ಲ ನೆಲ ನೋಡುತ್ತಿದ್ದವು.

ಅಜ್ಜ ಕಂಬದ ಮೇಲೆ ಕೈಯಾಡಿಸಿದ. ನುಣ್ಣಗೆ ಹೆರೆದ ಮರ, ಬೆರಳಿಗೆ ಏನು ತಿಳಿದೀತು?

ಅಜ್ಜನಿಗೆ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಅದು ಕಯೊಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಳತೆ, ಉಳಿ, ಗರಗಸ ಎಲ್ಲ ಅಜ್ಜನ ಕೈಗೆ ಬಾಯಿಪಾಠ. ನೋಡುವ ಕೆಲಸ ಮಾತ್ರ ಕಯೊಳದು. ಸ್ಕೂಲು ಬಿಟ್ಟ ಮೇಲೆ ಶೆಡ್ಡಿಗೆ ಬಂದು ಕಂಬ ಕಂಬಕ್ಕೂ ಬೇರಿನ ಕಡೆ ಮಸಿಯಿಂದ ಗುರುತು ಹಾಕುತ್ತಿದ್ದಳು.

ಈ ಕಂಬಕ್ಕೆ ಗುರುತು ಹಾಕಬೇಕಿದ್ದ ದಿನ ಗೆಳತಿ ಮಿಯೊ ಗೇಟಿನ ಹತ್ತಿರ ಸೈಕಲ್ ಬೆಲ್ ಬಾರಿಸುತ್ತಿದ್ದಳು. ಈಜುಕೊಳಕ್ಕೆ ಹೊತ್ತಾಗಿತ್ತು. "ಬೇರು ಯಾವ ಕಡೆ, ಪುಟ್ಟಿ?" ಎಂದು ಅಜ್ಜ ಕೇಳಿದ. "ಈ ಕಡೆ," ಎಂದು ಕಯೊ ನೋಡದೆಯೇ ಮಸಿ ಹಚ್ಚಿ ಓಡಿದ್ದಳು.

"ಇದನ್ನ ತಿರುಗಿಸಿ ನಿಲ್ಲಿಸೋಕಾಗಲ್ವಾ?" ಎಂದರು ಮನೆಯ ಯಜಮಾನಿ, ಮುದುಕಿ ಹೊಸೊಯಾ.

"ಆಗಲ್ಲಮ್ಮ," ಎಂದ ತಾತ್ಸುಯ. "ತೊಲೆ ಕೂರೋ ತೂತೆಲ್ಲ ಕೊರೆದಾಗಿದೆ. ಈ ಕಡೆ ತೊಲೆಗಳನ್ನೆಲ್ಲ ಇಳಿಸಿ ಬೇರೆ ಕಂಬವೇ ಹಾಕ್ಬೇಕು."

"ತಲೆಕೆಳಗಾದ ಕಂಬದ ಮನೆ ನರಳುತ್ತೆ ಅಂತ ನಮ್ಮತ್ತೆ ಹೇಳ್ತಿದ್ರು," ಎಂದರು ಮುದುಕಿ. "ನನ್ನ ಮೊಮ್ಮಕ್ಕಳು ಇದರ ಪಕ್ಕ ಮಲಗಬೇಕಾ? ನಿಮ್ಮನ್ನ ನಂಬಿ ಕೊಟ್ವಲ್ಲ ಮೇಸ್ತ್ರಿಗಳೇ, ಇದೇನು ಹೀಗೆ ಮಾಡಿದ್ರಿ?"

ಅಜ್ಜ ಸೊಂಟ ಬಾಗಿಸಿ ತಲೆ ತಗ್ಗಿಸಿದ. ಬಹಳ ಹೊತ್ತು ಎತ್ತಲೇ ಇಲ್ಲ.

"ತಪ್ಪು ನಂದೇ. ನಂಗೆ ಕಣ್ಣು ಕಾಣಲ್ಲ. ಮುಚ್ಚಿಟ್ಟಿದ್ದೆ."

"ಅಲ್ಲ, ಅದು ನಾನು..." ಎಂದು ಕಯೊ ಬಾಯಿ ತೆರೆದಳು.

"ಕಯೊ, ಮಸಿಬಟ್ಟಲು ಬಿಚ್ಚಿಕೊಡು," ಎಂದ ಅಜ್ಜ.

ಅವಳು ಅಜ್ಜನ ಸೊಂಟದಿಂದ ಬಿಚ್ಚಿಕೊಟ್ಟಳು. ಗೆರೆ ಹೊಡೆಯುವ ಆ ಮಸಿಬಟ್ಟಲು ನಲವತ್ತು ವರ್ಷ ಅಜ್ಜನ ಸೊಂಟದಲ್ಲೇ ಇತ್ತು. ಅಜ್ಜ ಅದನ್ನು ತಾತ್ಸುಯನ ಕೈಗಿಟ್ಟ. "ನಾಳೆಯಿಂದ ನೀನೇ ನೋಡ್ಕೊ." ತಾತ್ಸುಯ ಎರಡೂ ಕೈಯೊಡ್ಡಿ ತೆಗೆದುಕೊಂಡ. ಅಜ್ಜನ ಮುಖ ನೋಡಲು ಅವನಿಗಾಗಲಿಲ್ಲ.

ಅಕ್ಕಿಯುಂಡೆ ಎಸೆಯಲಿಲ್ಲ. ಮಕ್ಕಳು ಖಾಲಿ ಚೀಲ ಮಡಚಿಕೊಂಡು ಗೊಣಗುತ್ತ ಹೋದರು.

ಮನೆಯ ದಾರಿಯಲ್ಲಿ ಕಯೊಗೆ ತಡೆಯಲಾಗಲಿಲ್ಲ. "ನಾನು ಸರಿಯಾಗಿ ನೋಡ್ಲೇ ಇಲ್ಲ, ಅಜ್ಜ," ಎಂದು ಬಿಕ್ಕಿದಳು.

"ಗೊತ್ತು. ಸೈಕಲ್ ಬೆಲ್ಲು ನಂಗೂ ಕೇಳಿಸ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ಇನ್ನೊಂದ್ಸಲ ನೋಡು ಅಂತ ಹೇಳ್ಬೇಕಿತ್ತು. ಆಟಕ್ಕೆ ಹೋಗೋ ಮಗು, ಎಷ್ಟೂಂತ ಹಿಡಿದಿಟ್ಕೊಳ್ಳೋದು ಅನ್ನಿಸ್ತು." ಅಜ್ಜ ಸೊಂಟದ ಪಟ್ಟಿ ತಡವಿಕೊಂಡ. "ಕೊನೇ ಮನೆ ಆದ್ರೂ ನೆಟ್ಟಗೆ ನಿಲ್ಲಿಸಬೇಕಿತ್ತು ನೋಡು."

ಅಜ್ಜ ಇನ್ನು ಮನೆ ಕಟ್ಟುವುದಿಲ್ಲ. ಅವನ ಸೊಂಟದ ಪಟ್ಟಿಯಲ್ಲಿ ಮಸಿಬಟ್ಟಲಿದ್ದ ಜಾಗ ಮಾತ್ರ ಸವೆದು ಹೊಳೆಯುತ್ತಿತ್ತು. ಕಯೊ ಅದನ್ನೇ ನೋಡುತ್ತ ನಡೆದಳು. ಕ್ಷಮಿಸು ಎಂದರೂ ಆ ಕಂಬ ತಿರುಗುವುದಿಲ್ಲವಲ್ಲ.

ಕಾಲುವೆ ಬಂತು. ಅದಕ್ಕೆ ಅಡ್ಡಲಾಗಿ ಒಂದೇ ಹಾಸುಗಲ್ಲು. ದಿನಾ ಸರಸರ ದಾಟುತ್ತಿದ್ದ ಅಜ್ಜ ಇಂದು ದಡದಲ್ಲೇ ನಿಂತ.

"ಕಲ್ಲು ಎಲ್ಲಿದೆ, ಪುಟ್ಟಿ?"

ಹಿಂದಿನಿಂದ ಸೈಕಲ್ ಬೆಲ್ ಕೇಳಿಸಿತು. "ಕಯೊ, ಈಜೋಕೆ ಬರ್ತೀಯಾ?" ಎಂದು ಮಿಯೊ ಕೂಗಿದಳು.

ಕಯೊ ತಿರುಗಲಿಲ್ಲ. ಕಣ್ಣೊರೆಸಿಕೊಂಡು ಮಂಡಿಯೂರಿದಳು. ಅಜ್ಜನ ಪಾದ ನೋಡಿದಳು, ಕಲ್ಲು ನೋಡಿದಳು. ಕೈಚಾಚಿ ಅಂಚು ಮುಟ್ಟಿ ಮತ್ತೊಮ್ಮೆ ನೋಡಿದಳು.

"ಬಲಗಾಲು ಎತ್ತು, ಅಜ್ಜ. ಒಂದು ಗೇಣು ಮುಂದೆ ಇಡು," ಎಂದಳು ಆಮೇಲೆ.

ಅಜ್ಜ ಕಾಲಿಟ್ಟ.