ಒಂದು ಸಲ ಇನ್‌ಸ್ಪೆಕ್ಟರು, ಎರಡು ಸಲ ಪುರಂದರ

ರೇಡಿಯೋ ಕೆಮ್ಮಿತು. ಪುರಂದರನೂ ಕೆಮ್ಮಿದ. ಒಂದಲ್ಲ, ಎರಡು ಸಲ.

“ಲೇ, ಅದು ಇಂಗ್ಲಿಷಲ್ಲಲೇ! ಬರೇ ಗರಗರ!” ಎಂದು ಅವನ ತರಗತಿಯ ಹೊನ್ನೂರಮ್ಮ ಹಣೆ ಚಚ್ಚಿಕೊಂಡಳು.

“ನಿನಗೇನು ಗೊತ್ತು? ದೊರೆಗಳು ಹಿಂಗೇ ಕೆಮ್ಮತಾರ” ಎಂದ ಪುರಂದರ.

ಅದು ಯುದ್ಧದ ಕಾಲ. ಹೊಸಪೇಟೆಗೆಲ್ಲ ಸೇರಿ ಮುನಸಿಪಾಲಿಟಿ ಕಟ್ಟೆಯ ಮೇಲೆ ಒಂದು ರೇಡಿಯೋ ಇತ್ತು. ಅದರ ಗಾತ್ರ ಎಷ್ಟಿತ್ತೆಂದರೆ, ಒಳಗೆ ಒಲೆ ಹೂಡಿ ಸಂಸಾರ ಮಾಡಬಹುದಿತ್ತು! ಸಾಲಿ ಬಿಟ್ಟ ಮೇಲೆ ಗವಿಸಿದ್ದಪ್ಪ ಮಾಸ್ತರು ಫಸ್ಟ್ ಫಾರಂ, ಅಂದರೆ ಆರನೇ ತರಗತಿಯ ಮಕ್ಕಳನ್ನು ಅದರ ಮುಂದೆ ತಂದು ಕೂಡಿಸುತ್ತಿದ್ದರು.

“ಇಂಗ್ಲಿಷ್ ಮೊದಲು ಕಿವ್ಯಾಗ ಇಳೀಬೇಕು, ಆಮ್ಯಾಲೆ ಬಾಯಿಗೆ ಬರಬೇಕು” ಎನ್ನುವುದು ಮಾಸ್ತರ ಮಾತು. ಟಾಕೀಸಿನ ಡೇರೆಗೆ ಇಂಗ್ಲಿಷ್ ಪಿಕ್ಚರ್ ಬಂದಾಗಲೂ ಅಷ್ಟೇ. ಎಲ್ಲರೂ ಒಳಗೆ ಹೋಗಿ ನೋಡಿದರೆ, ಈ ಮಕ್ಕಳು ಡೇರೆಯ ಹೊರಗೆ ಕೂತು ಕೇಳಿದರು! ಟಿಕೆಟ್ ಇಲ್ಲ, ತಿಗಣೆ ಕಾಟವೂ ಇಲ್ಲ.

ಕೇಳಿದ್ದನ್ನು ಹಾಗೇ ಒಪ್ಪಿಸುವುದರಲ್ಲಿ ಪುರಂದರನನ್ನು ಮೀರಿಸುವವರು ಇರಲಿಲ್ಲ. ಪಿಕ್ಚರಿನ ಕುದುರೆ ಕೆನೆದದ್ದನ್ನು ಅವನು ಎಷ್ಟು ಚೆನ್ನಾಗಿ ಕೆನೆದನೆಂದರೆ, ಸ್ಟೇಷನ್ ರೋಡಿನ ಜಟಕಾ ಕುದುರೆಗಳೆಲ್ಲ ಹಗ್ಗ ಹರಿದುಕೊಂಡು ಬಂದವು. ಹಂಪಿಯ ಕಲ್ಲುಬಸವಣ್ಣ ಕೂಡ ಒಂದು ಕಿವಿ ನಿಮಿರಿಸಿತಂತೆ. ಸುಳ್ಳು ಎನ್ನುವವರು ಹೋಗಿ ಕಿವಿ ನೋಡಲಿ.

ಇದೆಲ್ಲ ಅವನ ಅಜ್ಜನ ಪ್ರಸಾದ. ವ್ಯಾಸರಾಜಾಚಾರ್ಯರು ದಿನಾ ಸಂಜೆ ಮೊಮ್ಮಗನಿಗೆ ಸಂಥೆ ಹೇಳುತ್ತಿದ್ದರು. ಅಜ್ಜ ಶ್ಲೋಕದ ಒಂದು ಸಾಲನ್ನು ಒಂದು ಸಲ ಹೇಳುವುದು, ಮೊಮ್ಮಗ ಅದೇ ರಾಗದಲ್ಲಿ, ಅದೇ ಏರಿಳಿತದಲ್ಲಿ ಎರಡು ಸಲ ಒಪ್ಪಿಸುವುದು. ಸಂಥೆ ಅಂದರೆ ಇದೇ. ಮಾತು ಬರುವ ಮೊದಲೇ ಪುರಂದರನಿಗೆ ಸಂಥೆ ಬಂದಿತ್ತು.

“ಅಲ್ಲೋ, ಇಷ್ಟೊತ್ತು ಒದರಿದೆಲ್ಲ, ಅದರ ಅರ್ಥ ಏನು?” ಎಂದು ರೇಡಿಯೋ ಮುಂದೆ ಕೂತಿದ್ದ ಹೊನ್ನೂರಮ್ಮ ಕೇಳಿದಳು. ಅವಳಿಗೆ ಗಂಟಲು ಸಣ್ಣದು, ಆದರೆ ಒಂದೊಂದು ಮಾತಿಗೂ ಅರ್ಥ ಕೇಳುವ ಚಟ ದೊಡ್ಡದು.

“ಅರ್ಥ ಯಾಕ ಬೇಕು? ಮಸ್ತ್ ಕೇಳಸ್ತದಲ್ಲ, ಸಾಕು.”

ಮಾಸ್ತರಿಗೆ ಈ ಮಾತು ಕೇಳಿಸಲಿಲ್ಲ. ಅವರ ತಲೆಯಲ್ಲಿ ಬೇರೆಯೇ ಚಿಂತೆ ಇತ್ತು. “ನಾಳೆ ಸಾಲಿ ಇನ್‌ಸ್ಪೆಕ್ಟರ್ ಬರತಾರ. ರೇಡಿಯೋ ಕೇಳಿಸಿ ಹುಡುಗರನ್ನ ಕೆಡಸಾಕ ಹತ್ತಾನ ಅಂತ ಯಾರೋ ನನ್ನ ಮ್ಯಾಲೆ ಅರ್ಜಿ ಕೊಟ್ಟಾರ. ಇಂಗ್ಲಿಷ್ ಸರಿ ಇಲ್ಲ ಅಂದ್ರ ನನ್ನ ಎತ್ತಿ ಎಲ್ಲಿಗೋ ಒಗೀತಾರ. ಪುರಂದರಾ, ಸಾಲಿ ಮಾನ ನಿನ್ನ ಗಂಟಲದಾಗ ಐತಪಾ.”

ಗವಿಸಿದ್ದಪ್ಪ ಮಾಸ್ತರು ಇಲ್ಲದ ಸಾಲಿಯೇ? ಉಪ್ಪಿಲ್ಲದ ಸಾರೇ? ಆ ರಾತ್ರಿ ಪುರಂದರ ಒಂದೇ ಒಂದು ಮುದ್ದೆ ಅನ್ನ ಉಂಡ. ಅವನ ಲೆಕ್ಕದಲ್ಲಿ ಅದು ಉಪವಾಸ.

ಮರುದಿನ ಇನ್‌ಸ್ಪೆಕ್ಟರು ಬಂದರು. ಆನೆ ಬಂದಂತೆ ಬಂದರು! ಸಂಡೂರು ಗುಡ್ಡದಂಥ ಕೆಂಪು ಪೇಟ, ಬಾಗಿಲು ತಡೆಯುವಷ್ಟು ದೊಡ್ಡ ಹೊಟ್ಟೆ, ಹಣೆಯಲ್ಲಿ ನೆಟ್ಟಗೆ ನಾಮ. ಅವರು ಕೆಮ್ಮಿದ್ದಕ್ಕೆ ಕರಿಹಲಗೆಯ ಸೀಮೆಸುಣ್ಣವೆಲ್ಲ ಉದುರಿತು.

ಮಾಸ್ತರು ಪುರಂದರನನ್ನು ಎಬ್ಬಿಸಿ ನಿಲ್ಲಿಸಿದರು. ಇನ್‌ಸ್ಪೆಕ್ಟರು ಕಣ್ಣು ಅರ್ಧ ಮುಚ್ಚಿ, ಗಂಭೀರವಾಗಿ, ಥೇಟ್ ಅಜ್ಜನ ಹಾಗೆ ಕೇಳಿದರು:

“ವಾಟ್ ಡು ಯು ಹಿಯರ್ ಆನ್ ದಿ ರೇಡಿಯೋ, ಮೈ ಬಾಯ್?”

ಪುರಂದರನ ಕೈಗಳು ತಾವಾಗಿಯೇ ಕೂಡಿಕೊಂಡವು. ತಲೆ ತಾನಾಗಿಯೇ ತೂಗಿತು. “ವಾಟ್ ಡು ಯು ಹಿಯರ್ ಆನ್ ದಿ ರೇಡಿಯೋ, ಮೈ ಬಾಯ್? ವಾಟ್ ಡು ಯು ಹಿಯರ್ ಆನ್ ದಿ ರೇಡಿಯೋ, ಮೈ ಬಾಯ್?”

ಅದೇ ಧ್ವನಿ, ಅದೇ ಗತ್ತು. ಎರಡು ಸಲ!

ಮಾಸ್ತರ ಮುಖ ಸುಣ್ಣದಂತಾಯಿತು. ಇನ್‌ಸ್ಪೆಕ್ಟರ ಹುಬ್ಬು ಪೇಟದೊಳಗೆ ಹೋಯಿತು.

“ಸಿಟ್ ಡೌನ್!” ಎಂದು ಗುಡುಗಿದರು.

“ಸಿಟ್ ಡೌನ್! ಸಿಟ್ ಡೌನ್!” ಎಂದು ಪುರಂದರನೂ ಗುಡುಗಿದ.

ಮಾತು ಹೊರಬಿದ್ದ ಮೇಲೆ ಅದರ ಅರ್ಥ ಹೊಳೆಯಿತು. ಇನ್‌ಸ್ಪೆಕ್ಟರಿಗೇ ಕೂತುಕೋ ಎಂದುಬಿಟ್ಟಿದ್ದ! ಗೋಡೆಯ ಹಲ್ಲಿ ಕೂಡ ಲೊಚಗುಟ್ಟುವುದನ್ನು ನಿಲ್ಲಿಸಿತು. ಮುಗಿಯಿತು, ಮಾಸ್ತರು ಹೋದರು ಎಂದುಕೊಂಡ ಪುರಂದರ. ಕಣ್ಣಲ್ಲಿ ನೀರು ಬಂತು.

ಆಗ ಇನ್‌ಸ್ಪೆಕ್ಟರು ಕೂತರು. ಹೌದು, ಮಕ್ಕಳ ಬೆಂಚಿನ ಮೇಲೇ ಕೂತುಬಿಟ್ಟರು. ಅವರ ಹೊಟ್ಟೆ ಕುಲುಕತೊಡಗಿತು. ಕುಲುಕಿದ ಹೊಟ್ಟೆಗೆ ಬೆಂಚು, ಬೆಂಚಿಗೆ ನೆಲ, ನೆಲಕ್ಕೆ ಹೊಸಪೇಟೆಯೇ ಅಲುಗಾಡಿತು. ಅವರು ನಗುತ್ತಿದ್ದರು!

“ಯಾರಪ್ಪಾ ನಿನಗೆ ಸಂಥೆ ಹೇಳೋದು?” ಎಂದು ಕನ್ನಡದಲ್ಲೇ ಕೇಳಿದರು.

“ಅ... ಅಜ್ಜ, ಸರ್.”

“ನನಗೂ ನನ್ನ ತಾತ ಹೇಳ್ತಿದ್ದರು. ನನ್ನ ತಲೇನೂ ಹೀಗೇ ತೂಗ್ತಿತ್ತು. ಕಿವಿ ಚೆನ್ನಾಗಿ ತಯಾರಾಗಿದೆ. ಈಗ ಹೇಳು, ನಾನು ಏನು ಕೇಳಿದೆ?”

ಪುರಂದರ ಬಾಯಿ ತೆರೆದ. ರೇಡಿಯೋದ ಇಂಗ್ಲಿಷೆಲ್ಲ ಅವನ ಹೊಟ್ಟೆಯಲ್ಲಿತ್ತು. ಆದರೆ ಬಾಯಿ ಕಟ್ಟಿದ ಗಡಿಗೆಯ ಹಾಗೆ, ಒಳಗೆ ಏನಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಹಿಂದಿನಿಂದ ಸಣ್ಣ ಗಂಟಲೊಂದು ಹೇಳಿತು: “ರೇಡಿಯೋದಾಗ ಏನು ಕೇಳ್ತಿ ಅಂತ ಕೇಳ್ಯಾರಲೇ!”

ಇನ್‌ಸ್ಪೆಕ್ಟರು ತಿರುಗಿ ನೋಡಿದರು. ಹೊನ್ನೂರಮ್ಮ ಸೆರಗಿನಂತೆ ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದಳು. ಅವರು ಗದರಲಿಲ್ಲ. ಮತ್ತೆ ಪುರಂದರನ ಕಡೆ ನೋಡುತ್ತ ಕಾದರು.

ಪುರಂದರ ಕಿಟಕಿಯಾಚೆ ನೋಡಿದ. ಬಿಸಿಲು ಎಂದರೆ ಬಿಸಿಲು! ಕಲ್ಲಿನ ಮೇಲೆ ರೊಟ್ಟಿ ಬೇಯುವ ಬಿಸಿಲು. ನಿನ್ನೆ ರೇಡಿಯೋದಲ್ಲಿ ‘ರೈನ್’ ಎಂಬ ಮಾತು ಬಂದಾಗ ಹೊನ್ನೂರಮ್ಮ “ಹಂಗಂದ್ರ ಮಳಿ” ಎಂದದ್ದು ನೆನಪಾಯಿತು. ಅವನು ನಿಧಾನವಾಗಿ, ಒಂದೊಂದೇ ಮಾತನ್ನು ಹುಡುಕಿ ಹೇಳಿದ:

“ಐ... ಹಿಯರ್... ನ್ಯೂಸ್, ಸರ್. ರೈನ್ ಇನ್ ಮದ್ರಾಸ್. ನೋ ರೈನ್ ಇನ್ ಹೊಸಪೇಟೆ.”

ಅದರಲ್ಲಿ ರಾಗವಿರಲಿಲ್ಲ, ಗತ್ತಿರಲಿಲ್ಲ. ತಲೆಯೂ ತೂಗಲಿಲ್ಲ. ಅವನು ಅದನ್ನು ಒಂದೇ ಸಲ ಹೇಳಿದ.

“ಕರೆಕ್ಟ್!” ಎಂದು ಇನ್‌ಸ್ಪೆಕ್ಟರು ಬೆವರು ಒರೆಸಿಕೊಂಡರು. “ಮಾಸ್ತರೇ, ರೇಡಿಯೋ ನಡೀಲಿ. ಆದರೆ ಕೇಳಿದ ಮೇಲೆ ಈ ಹುಡುಗಿ ಹತ್ತಿರ ಇವನಿಗೆ ಒಂದಿಷ್ಟು ಪಾಠ ಹೇಳಿಸಿ.”

ಗವಿಸಿದ್ದಪ್ಪ ಮಾಸ್ತರು ಬಿಟ್ಟ ಉಸಿರಿಗೆ ಗೋಡೆಯ ನಕಾಶೆ ಹಾರಿ ಕಂಪ್ಲಿಯ ಹೊಳೆಯಾಚೆ ಬಿತ್ತು. ಪುರಂದರ ಹೊನ್ನೂರಮ್ಮನ ಪಕ್ಕ ಧೊಪ್ಪನೆ ಕೂತ.

“ಹೆಂಗ?” ಎಂದಳು ಅವಳು.

“ಭಾಳ ಹಸಿವಾಗ್ಯದ” ಎಂದ ಅವನು.

ಅಂದು ಸಂಜೆ ಅಜ್ಜ ಎಂದಿನಂತೆ ಕಣ್ಣು ಮುಚ್ಚಿ, ಶ್ಲೋಕದ ಒಂದು ಸಾಲು ಹೇಳಿ ಕಾದರು. ಮೊಮ್ಮಗನ ದನಿ ಬರಲಿಲ್ಲ. ಅಜ್ಜ ಒಂದು ಕಣ್ಣು ತೆರೆದರು.

“ಯಾಕೋ, ಗಂಟಲು ಕೆಟ್ಟದೇನು?”

“ಇಲ್ಲ ಅಜ್ಜ. ಈ ಸಾಲಿನ ಅರ್ಥ ಏನು?”

ಅಜ್ಜ ಇನ್ನೊಂದು ಕಣ್ಣನ್ನೂ ತೆರೆದರು. ಆಮೇಲೆ ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

“ಹತ್ರ ಬಾ” ಎಂದರು.