ಬಿಚ್ಚದ ಹೊಲಿಗೆ

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಹಾಲು ಮಾರುವ ಹೆಂಗಸು ಠಾಣೆಗೆ ಬಂದಳು. ಕೈಯಲ್ಲಿ ನಾಯಿಯ ಕೊರಳಪಟ್ಟಿ ಇತ್ತು.

"ನಮ್ಮ ನಾಯಿಗೆ ವಿಷ ಹಾಕಿದಾರೆ ಸಾರ್. ಬೇರೆ ಯಾರೂ ಅಲ್ಲ, ನನ್ನ ಮೈದುನನೇ."

ನಾಯಿಗೂ ಎಫ್‌ಐಆರಾ ಎಂದು ನಗಲು ಹೊರಟ ಪೇದೆ, ನಾಯಿ ಸತ್ತ ಕಲ್ಲುಕ್ವಾರಿಯ ಬಳಿಯೇ ಎರಡು ರಣಹದ್ದುಗಳೂ ಒಂದು ನರಿಯೂ ಸತ್ತಿವೆ ಎಂದು ಕೇಳಿ ಬಾಯಿ ಮುಚ್ಚಿಕೊಂಡ. ಠಾಣೆಯಲ್ಲಿ ಅವನಿಗೆ ಅನುಮಾನಪ್ಪ ಎಂದೇ ಹೆಸರು; ಅವನು ನಂಬುತ್ತಿದ್ದುದು ತನ್ನ ಲಾಠಿಯೊಂದನ್ನೇ. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಪಶುವೈದ್ಯರನ್ನು ಕರೆದುಕೊಂಡು ಹೊರಟರು.

ಕ್ವಾರಿಯ ಅಂಚಿನಲ್ಲಿ ಚಿರತೆ ಕೊಂದ ಕರು ಬಿದ್ದಿತ್ತು. ಪಂಚನಾಮೆ ಬರೆಯುವಾಗ ಪಶುವೈದ್ಯರು ಅದರ ತೊಡೆ ತೋರಿಸಿದರು. ಯಾರೋ ಚರ್ಮ ಸೀಳಿ, ಒಳಗೆ ಕೀಟನಾಶಕ ತುಂಬಿ, ದಪ್ಪ ದಾರದಿಂದ ಮತ್ತೆ ಹೊಲಿದಿದ್ದರು. ಹದ್ದುಗಳು ಒಂದು ಕಡೆ ಕಿತ್ತಿದ್ದರೂ ಉಳಿದ ಹೊಲಿಗೆ ಬಿಚ್ಚಿರಲಿಲ್ಲ. ಪ್ರತಿ ಹೊಲಿಗೆಗೂ ಒಂದೊಂದು ಗಂಟಿತ್ತು.

"ಚಿರತೆ?"

"ಮೂಸಿ ವಾಪಸ್ ಹೋಗಿದೆ. ಹೆಜ್ಜೆ ನೋಡಿ."

ಮೈದುನನನ್ನು ಠಾಣೆಗೆ ಕರೆಸಿದರು.

"ಕರು ನಿಂದಾ?"

"ನಂದೇ ಸಾರ್. ಅರಣ್ಯ ಇಲಾಖೆಯವರು ಬಂದು ನೋಡೋ ತನಕ ಮುಟ್ಟಬೇಡ ಅಂದ್ರು, ಮುಟ್ಟಲಿಲ್ಲ."

"ಅತ್ತಿಗೆ ಜೊತೆ ಜಗಳ ಇತ್ತಂತೆ?"

"ಬೇಲಿ ವಿಷಯಕ್ಕೆ. ನಾಯಿ ಜೊತೆ ನಂಗೇನ್ ಜಗಳ?"

ಉತ್ತರ ಬಾಯಿಪಾಠ ಮಾಡಿಕೊಂಡು ಬಂದಂತಿತ್ತು. "ಬರೀ ನಾಟಕ ಸಾರ್" ಎಂದ ಅನುಮಾನಪ್ಪ. ಇನ್ಸ್‌ಪೆಕ್ಟರಿಗೂ ಹಾಗೆಯೇ ಅನ್ನಿಸಿತ್ತು.

ಮಧ್ಯಾಹ್ನ ಹೇಳಿಕೆ ಪಡೆಯಲು ಹಾಲಿನವಳ ಮನೆಗೆ ಹೋದರು. ಅವಳ ಗಂಡ ಹಾಸಿಗೆ ಹೊಲಿಯುವವನು. ಜಗಲಿಯ ತುಂಬ ಹತ್ತಿ. "ಕೂತ್ಕೊಳ್ಳಿ ಸಾರ್" ಎಂದು ಹೊಸ ಹಾಸಿಗೆಯನ್ನೇ ಹಾಸಿದ. ಕೂರುತ್ತ ಕೈಯೂರಿದ ಇನ್ಸ್‌ಪೆಕ್ಟರ್ ಬೆರಳಿಗೆ ಗಂಟು ತಗುಲಿತು. ಅಂಚಿನುದ್ದಕ್ಕೂ ಸವರಿ ನೋಡಿದರು.

"ಎಲ್ಲರೂ ಹೀಗೇ ಗಂಟು ಹಾಕ್ತಾರಾ?"

"ಇಲ್ಲ ಸಾರ್, ಇವರೊಬ್ಬರೇ" ಹೆಂಡತಿ ಹೆಮ್ಮೆಯಿಂದ ಹೇಳಿದಳು. "ಒಂದು ಹೊಲಿಗೆ ಕಿತ್ತರೂ ಪಕ್ಕದ್ದು ಬಿಚ್ಚಬಾರದು ಅಂತಾರೆ."

ಗಂಡನ ಕೈಯಲ್ಲಿದ್ದ ಸೂಜಿ ನಿಂತಿತು.

"ಕ್ವಾರಿ ಕಡೆ ಯಾವಾಗ ಹೋಗಿದ್ದೆ?"

"ಭಾನುವಾರ ಸಂಜೆ." ಅವನು ತಲೆ ಎತ್ತಲಿಲ್ಲ. "ಇವಳು ದಿನಾ ಬೆಳಗಿನ ಜಾವ ಅದೇ ದಾರೀಲಿ ಹಾಲು ಹೊತ್ಕೊಂಡು ಹೋಗ್ತಾಳೆ ಸಾರ್. ಚಿರತೆಗೆ ಬೋನು ಇಡಿ ಅಂತ ಅರಣ್ಯ ಇಲಾಖೆಯವರನ್ನ ಕೇಳಿ ಕೇಳಿ ಸಾಕಾಯ್ತು. ಇವಳು ಮನೆಗೆ ಬರೋ ತನಕ ನಂಗೆ ಜೀವದಲ್ಲಿ ಜೀವ ಇರ್ತಿರಲಿಲ್ಲ. ನಾಯಿ ಅದಕ್ಕೆ ಬಾಯಿ ಹಾಕತ್ತೆ ಅಂತ ಹೊಳೀಲೇ ಇಲ್ಲ."

ಅವಳು ಕೊರಳಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅದು ನನ್ನ ಮುಂದೆ ಮುಂದೆ ಹೋಗ್ತಿತ್ತಲ್ರೀ. ಅದಿದೆ ಅಂತಾನೇ ನಂಗೆ ಧೈರ್ಯ. ನಾಳೆ ಯಾರ್ರೀ ಹೋಗ್ತಾರೆ?"

ಅವನು ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟು ಎದ್ದ. ಸಂಜೆ ನಾಲ್ಕಕ್ಕೆ ವನ್ಯಜೀವಿ ಕಾಯ್ದೆಯಡಿ ಅವನ ಬಂಧನ ದಾಖಲಾಯಿತು. ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ 'ಹೆಂಡತಿಯ ಪ್ರಾಣಭಯ' ಎಂದು ಬರೆದು, ಕೂಡಲೇ ಬೋನು ತರಿಸುವಂತೆ ಅರಣ್ಯಾಧಿಕಾರಿಗೆ ಫೋನ್ ಮಾಡಿದರು. ಇಷ್ಟು ದಿನ ಬಾರದ ಬೋನು ಒಂದೇ ಗಂಟೆಯಲ್ಲಿ ಬಂತು.

ಮರುದಿನ ಬೆಳಗಿನ ಜಾವ ಅವಳ ಜೊತೆ ಹೋಗಲು ಅನುಮಾನಪ್ಪನನ್ನು ಕಳಿಸಿದ್ದರು. ಅವನು ಅವಳ ಮನೆ ತಲುಪುವಷ್ಟರಲ್ಲಿ ಬೇಲಿಯ ಪಕ್ಕ ಯಾರೋ ನಿಂತಿದ್ದರು. ಲಾಠಿ ಎತ್ತಿ ಟಾರ್ಚ್ ಬಿಟ್ಟ. ಕೋಲು ಹಿಡಿದು ನಿಂತಿದ್ದ ಮೈದುನ ಕಣ್ಣು ಕಿರಿದು ಮಾಡಿದ.

"ನಡೀರಿ ಅತ್ತಿಗೆ, ಹೊತ್ತಾಯ್ತು."

ಹೊರಗೆ ಬಂದ ಅವಳು ಒಂದು ಹಾಲಿನ ಕ್ಯಾನನ್ನು ಮೈದುನನ ಕೈಗೆ ಕೊಟ್ಟಳು.